ಏಕಾಂತದ ಪಕ್ಕದಲ್ಲಿದ್ದವರು

ಸಾಬೂನು ಕಾರ್ಖಾನೆಯಲ್ಲಿ ಹುಳುಕಕ್ಕನಿಗೆ ಆ ಹೆಸರು ಅಂಟಿದ್ದು ಕೆಲಸದಿಂದ. ಬೆಲ್ಟಿನ ಮೇಲೆ ಸಾಲಾಗಿ ಬರುವ ಸಾಬೂನುಗಳಲ್ಲಿ ಮೂಲೆ ಮುರಿದದ್ದು, ಬಿರುಕು ಬಿಟ್ಟದ್ದು, ಅಚ್ಚು ಸರಿಯಾಗಿ ಕೂರದೆ ಕಂಪನಿಯ ಹೆಸರು ಅರ್ಧಕ್ಕೇ ನಿಂತದ್ದು, ಎಲ್ಲವನ್ನೂ ಆರಿಸಿ ಬುಟ್ಟಿಗೆ ಎಸೆಯುವುದು ಅವಳ ಪಾಲಿನ ದುಡಿಮೆ. ಮ್ಯಾನೇಜರ್ ಸಾಹೇಬರು ಕಾರ್ಖಾನೆಯಲ್ಲಿ ಫೋಟೊ ಕೂಟ ಕಟ್ಟಿದಾಗ ವಿಮರ್ಶಕಿಯ ಪಟ್ಟವನ್ನೂ ಅವಳ ತಲೆಗೇ ಕಟ್ಟಿದರು. ಅವರಿಗೆ ಬೇರೆ ಗತಿಯಿರಲಿಲ್ಲ. ಅವರ ಫೋಟೊ ಗ್ರೂಪಿಗೆ ಬಿದ್ದದ್ದೇ ತಡ, ಮಿಕ್ಕವರು 'ಸೂಪರ್ ಸಾರ್' ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದರು. ಒಮ್ಮೆ ಲೆನ್ಸಿನ ಮುಚ್ಚಳ ತೆಗೆಯುವುದನ್ನು ಮರೆತು ತೆಗೆದ ಕಪ್ಪು ಚೌಕಕ್ಕೂ 'ಸೂಪರ್ ಸಾರ್' ಬಂದಾಗ ಸ್ವತಃ ಸಾಹೇಬರಿಗೇ ಅನುಮಾನ ಹುಟ್ಟಿತು.

ವಾರಕ್ಕೊಂದು ವಿಷಯ. ನಿಯಮವೂ ಸಾಹೇಬರದೇ: ಬರೀ ಬೈಯುವಂತಿಲ್ಲ, ಮೊದಲು ಒಂದು ಮೆಚ್ಚುಗೆ, ಆಮೇಲೆ ಒಂದು ಸಲಹೆ. ಸಲಹೆ ಸಿಕ್ಕವರು ತಿದ್ದಿ ಮತ್ತೆ ಹಾಕಲೇಬೇಕು. ಇನ್ನು ಕೂಟಕ್ಕೊಂದು ಜಾಗ ಬೇಕಲ್ಲ? ಹೆಂಗಸರ ವಿಶ್ರಾಂತಿ ಕೋಣೆ ಕಣ್ಣಿಗೆ ಬಿತ್ತು. ಚಾಪೆಗಳನ್ನು ಸುತ್ತಿ ಮೂಲೆಗೆ ತಳ್ಳಿ, ಗೋಡೆ ತುಂಬ ಚೌಕಟ್ಟು ಹಾಕಿಸಿದ ಸೂರ್ಯಾಸ್ತಗಳನ್ನು ತೂಗುಹಾಕಿದರು. ಬಾಗಿಲಿಗೆ 'ಫೋಟೊ ಕೂಟ' ಎಂಬ ಬೋರ್ಡು, ಅದರ ಕೆಳಗೆ ಕೈಯಗಲದ ಬೀಗ. ಸೂರ್ಯಾಸ್ತಗಳು ಫ್ಯಾನಿನ ಕೆಳಗೆ ಹಾಯಾಗಿದ್ದವು. ಬೆಳಗಿನಿಂದ ನಿಂತೇ ದುಡಿದ ಹೆಂಗಸರು ಊಟದ ಬಿಡುವಿನಲ್ಲಿ ಅದೇ ಬಾಗಿಲ ಮುಂದೆ, ಕಾರಿಡಾರಿನ ನೆಲಕ್ಕೆ ರಟ್ಟು ಹಾಸಿಕೊಂಡು ಕಾಲು ಚಾಚುತ್ತಿದ್ದರು.

ಆ ವಾರದ ವಿಷಯ 'ಏಕಾಂತ'. ಸಾಹೇಬರು ಹಾಕಿದ ಫೋಟೊದಲ್ಲಿ ಹುಳುಕಕ್ಕನ ಚಿಕ್ಕಮ್ಮ ಇದ್ದಳು. ಸಾಬೂನು ಡಬ್ಬಿಗೆ ತುಂಬುವ ಕೆಲಸದವಳು. ರಟ್ಟಿನ ಮೇಲೆ ಕೆನ್ನೆಗೆ ಕೈಯಿಟ್ಟು, ಬಾಯಿ ತೆರೆದು ನಿದ್ದೆಹೋಗಿದ್ದಳು. ಹಿಂದೆ ಖಾಲಿ ಗೋಡೆ. 'ಸೂಪರ್ ಸಾರ್'ಗಳು ಧೋ ಎಂದು ಸುರಿದವು.

"ಒಂದು ಮಾತು ಕೇಳ್ಬಾರ್ದಾ?" ಎಂದಳು ಚಿಕ್ಕಮ್ಮ. "ಬಾಯಾದ್ರೂ ಮುಚ್ಕೋತಿದ್ದೆ."

ಮಾರನೆಯ ದಿನ ಕೊರಳಲ್ಲಿ ಸದಾ ಶಿಳ್ಳೆ ತೂಗುಹಾಕಿಕೊಂಡಿರುವ, ಹಾಗಾಗಿ ಎಲ್ಲರ ಬಾಯಲ್ಲೂ ಶಿಳ್ಳೆಯೇ ಆಗಿಹೋದ ಸೂಪರ್‌ವೈಸರ್ ಚಿಕ್ಕಮ್ಮನಿಗೆ ಒಂದು ಮೆಮೊ ತಂದುಕೊಟ್ಟ. ಅದರಲ್ಲಿದ್ದದ್ದು: ಉಳಿದವರೆಲ್ಲ ಕೆಲಸದಲ್ಲಿದ್ದಾಗ ಈಕೆ ಒಬ್ಬಳೇ ಮಲಗಿದ್ದಳು. ಸಾಕ್ಷಿ, ಮ್ಯಾನೇಜರ್ ಸಾಹೇಬರೇ ತೆಗೆದ ಫೋಟೊ. ಸೋಮವಾರ ವಿಚಾರಣೆ, ತಪ್ಪು ಸಾಬೀತಾದರೆ ಕೆಲಸದಿಂದ ವಜಾ. ಬಿಡುವು ಮುಗಿಯುವ ಮೊದಲೇ ಶಿಳ್ಳೆ ಊದುವವನಿಗೆ ಎದುರು ಮಾತಾಡಿದ್ದ ಒಬ್ಬಳೇ ಹೆಂಗಸು ಅವಳು. ಅದನ್ನವನು ಹೊಟ್ಟೆಯಲ್ಲಿಟ್ಟುಕೊಂಡಿದ್ದ.

"ಎಲ್ಲಿ ನಾನೊಬ್ಳೇ?" ಚಿಕ್ಕಮ್ಮ ಮೆಮೊವನ್ನು ಹುಳುಕಕ್ಕನ ಮುಂದೆ ಹಿಡಿದಳು. "ಈ ಕಡೆ ಗೋಂದಿನವಳು ನನ್ನ ಮೇಲೆ ಕಾಲು ಹಾಕಿದ್ಲು. ಆ ಕಡೆ ಲೇಬಲ್ ಅಜ್ಜಿ ಗೊರಕೆ. ಇಡೀ ಸಾಲೇ ಇತ್ತಲ್ಲೇ ಮಗಳೇ."

"ಅವರನ್ನ ಸಾಕ್ಷಿ ಹೇಳೋಕೆ ಕರೆಯೋಣ."

"ಬಾಯಿಬಿಟ್ಟವರಿಗೂ ಒಂದೊಂದು ಮೆಮೊ ಇದೆ ಅಂದಿದ್ದಾನೆ. ಪಾಪ, ಅವ್ರ ಮನೇಲೂ ಒಲೆ ಉರೀಬೇಕಲ್ಲ."

ಹುಳುಕಕ್ಕ ಮೊಬೈಲಿನಲ್ಲಿ ಫೋಟೊವನ್ನು ಹಿಗ್ಗಿಸಿ, ಕೆಟ್ಟ ಸಾಬೂನನ್ನು ನೋಡುವ ಹಾಗೆ ಅಂಚಿನಿಂದ ಅಂಚಿಗೆ ನೋಡಿದಳು. ಚಿಕ್ಕಮ್ಮನ ಮೊಣಕಾಲಿನ ಮೇಲೆ, ಚಿತ್ರ ಮುಗಿಯುವ ಕಡೆ, ಒಂದು ಕಾಲಿನ ಹೆಬ್ಬೆರಳು ಉಳಿದುಹೋಗಿತ್ತು.

"ಇದು ಯಾರದು?"

"ಗೋಂದಿನವಳದ್ದೇ. ಉಗುರಿಗೆ ಗೋಂದು ಮೆತ್ತಿರೋದು ಕಾಣ್ಸಲ್ವಾ?"

ಹೆಂಗಸರು ನಿಜ ಹೇಳಿದರೆ ಮೆಮೊ. ಆದರೆ ಸಾಹೇಬರ ಕಲೆಗೆ ಸಲಹೆ ಕೊಟ್ಟರೆ ಅದು ಸೇವೆ. ಹುಳುಕಕ್ಕ ಸೇವೆಗೆ ಕೂತಳು. ಗ್ರೂಪಿನಲ್ಲಿ ಬರೆದಳು: 'ಬೆಳಕು ಹಿತವಾಗಿದೆ ಸಾರ್. ಒಂದು ಸಲಹೆ. ಖಾಲಿ ಗೋಡೆಯ ಮುಂದೆ ಯಾರು ಮಲಗಿದರೂ ಒಂಟಿಯಾಗಿಯೇ ಕಾಣುತ್ತಾರೆ. ಜನರ ನಡುವೆ ಇದ್ದೂ ಒಂಟಿಯಾಗಿ ಕಂಡರೆ ಅದು ಏಕಾಂತ. ಎಡಗಡೆ ಒಂದು ಹೆಬ್ಬೆರಳು ಉಳಿದಿದೆ. ಅದರ ಒಡತಿಯನ್ನೂ ಸೇರಿಸಿಕೊಂಡು ಪೂರ್ತಿ ಚಿತ್ರ ಹಾಕಿದರೆ ನಾವೆಲ್ಲ ಮೂಗಿನ ಮೇಲೆ ಬೆರಳಿಡುತ್ತೇವೆ.'

ಸಾಹೇಬರು ಅವಳನ್ನು ತಮ್ಮ ಕೋಣೆಗೆ ಕರೆಸಿದರು. "ಜನರ ನಡುವೆ ಏಕಾಂತ ಅಂದ್ರಲ್ಲ, ಅದು ನಂಗೂ ಹೊಳೆದಿತ್ತು."

"ಹೊಳೆದಿರತ್ತೆ ಸಾರ್."

"ಆದ್ರೆ ಊಟದ ಡಬ್ಬಿಗಳೆಲ್ಲ ಬಂದ್ಬಿಟ್ಟಿವೆ. ಗಲೀಜು ಅಂತ ಕತ್ತರಿಸಿದೆ."

"ಡಬ್ಬಿ ಇರ್ಲಿ ಸಾರ್. ಅದರಲ್ಲೇ ಬದುಕು ಕಾಣೋದು."

"ಹಿಂದೆ ಬೀಗ ಬೇರೆ."

"ಬೀಗಾನೇ ಸಾರ್ ಇಡೀ ಚಿತ್ರದ ಜೀವ."

ಸಾಹೇಬರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಂದೇ ಪೂರ್ತಿ ಚಿತ್ರ ಬಂತು: ಬಾಯಿ ತೆರೆದ ಡಬ್ಬಿಗಳು, ಬಾಯಿ ತೆರೆದ ಚಿಕ್ಕಮ್ಮ, ಆಚೀಚೆ ಉದ್ದಕ್ಕೂ ಉರುಳಿದ ಹೆಂಗಸರು, ಅವರ ತಲೆಯ ಮೇಲೆ ಬೀಗ, ಬೀಗದ ಮೇಲೆ 'ಫೋಟೊ ಕೂಟ'. ಮೊದಲ 'ಸೂಪರ್ ಸಾರ್' ಶಿಳ್ಳೆಯದು. ಅಭ್ಯಾಸಬಲ, ಫೋಟೊ ನೋಡಿ ಬರೆದವನಲ್ಲ.

ಸೋಮವಾರದ ವಿಚಾರಣೆಯಲ್ಲಿ ಚಿಕ್ಕಮ್ಮ ಶಿಳ್ಳೆಯ ಮುಂದೆ ಮೊಬೈಲು ಹಿಡಿದಳು. "ಉಳಿದವರು ಕೆಲಸ ಮಾಡ್ತಿದ್ರು ಅಂತ ಬರ್ದಿದ್ದೀರಿ. ಉಳಿದವರು ಇಲ್ಲಿದ್ದಾರೆ ನೋಡಿ, ಊಟ ಮುಗಿಸಿ ಮಲಗಿದ್ದಾರೆ. ನೀವೇ ಸೂಪರ್ ಅಂದಿದ್ದೀರಿ."

ಶಿಳ್ಳೆ ಸಾಹೇಬರ ಕಡೆ ತಿರುಗಿದ. "ಸಾರ್, ಇದು ಎಲ್ಲೋ ಜೋಡಿಸಿದ ಫೋಟೊ ಇರ್ಬೇಕು."

"ಜೋಡಿಸಿದ್ದಾ?" ಸಾಹೇಬರ ಮುಖ ಕೆಂಪಡರಿತು. "ನಂದಾ? ಇದೇ ಅಸಲು ಕಣ್ರೀ. ಮೊದಲಿಂದು ನಾನು ಕತ್ತರಿಸಿದ್ದು. ಕಣ್ಣಿದೆಯೋ ಇಲ್ವೋ ನಿಮಗೆ?"

ಮೆಮೊ ವಾಪಸಾಯಿತು. ಒಂದು ಸಾಲು ಹೆಂಗಸರ ಮಾತಿಗೆ ಸಿಗದ ತೂಕ ಒಬ್ಬನ ಜಂಬಕ್ಕೆ ಸಿಕ್ಕಿತ್ತು. ಹುಳುಕಕ್ಕನಿಗೆ ಗೆದ್ದ ಖುಷಿಗಿಂತ ಉರಿಯೇ ಹೆಚ್ಚಾಯಿತು. ಚಿಕ್ಕಮ್ಮನ ಕೆಲಸವೇನೋ ಉಳಿಯಿತು, ಮಲಗುವುದು ಮಾತ್ರ ಇನ್ನೂ ರಟ್ಟಿನ ಮೇಲೇ. ಮುಂದಿನ ವಾರದ ವಿಷಯ ಸೂಚಿಸಿ ಎಂದು ಸಾಹೇಬರು ಕೇಳಿದಾಗ ಅವಳು 'ಬಾಗಿಲು' ಎಂದಳು.

ಬೆಲ್ಟಿನ ಹೆಂಗಸರೆಲ್ಲ ಫೋಟೊ ಹಾಕಿದರು. ಎಲ್ಲರದೂ ಒಂದೇ ಬಾಗಿಲು, ಅದೇ ಬೀಗ. ಕೆಲವುಗಳಲ್ಲಿ ಗೋಂದು ಮೆತ್ತಿದ ಬೆರಳೂ ಇತ್ತು. ಹುಳುಕಕ್ಕ ಬೇಸರಿಸದೆ ಪ್ರತಿಯೊಂದಕ್ಕೂ ಬರೆದಳು: 'ಬೀಗದ ಹೊಳಪು ಚೆನ್ನಾಗಿ ಬಂದಿದೆ. ಸಲಹೆ: ಬಾಗಿಲು ತೆರೆದಿದ್ದರೆ ಬೆಳಕು ಇನ್ನೂ ಚೆನ್ನಾಗಿರುತ್ತಿತ್ತು. ತಿದ್ದಿ ಮತ್ತೆ ಹಾಕಿ.'

ಊಟದ ಬಿಡುವಿನಲ್ಲಿ ಇಡೀ ಸಾಲು ಸಾಹೇಬರ ಕೋಣೆಯ ಮುಂದೆ ನಿಂತಿತು.

"ಕೀಲಿ ಬೇಕಿತ್ತು ಸಾರ್," ಎಂದಳು ಲೇಬಲ್ ಅಜ್ಜಿ. "ಸಲಹೆ ಪಾಲಿಸ್ಬೇಕಲ್ಲ. ನಿಯಮ ನಿಮ್ದೇ."

ತೆರೆದ ಬಾಗಿಲಿನ ಫೋಟೊ ಬೇರೆಯವರು ಮೊದಲು ಹಾಕಿಬಿಟ್ಟರೆ ಗತಿಯೇನು? ಸಾಹೇಬರು ಕ್ಯಾಮೆರಾ ಹೆಗಲಿಗೇರಿಸಿಕೊಂಡು ತಾವೇ ಬಂದು ಬೀಗ ತೆಗೆದರು. ಅವರು ಫೋಕಸ್ ಹಿಡಿಯುವಷ್ಟರಲ್ಲಿ ಹೆಂಗಸರು ಒಳಗೆ ನುಗ್ಗಿ, ಸೂರ್ಯಾಸ್ತಗಳ ಕೆಳಗೆ ಚಾಪೆ ಬಿಚ್ಚಿದ್ದರು.

"ಸ್ವಲ್ಪ ಸರೀರಮ್ಮ, ಫ್ರೇಮ್ ಖಾಲಿ ಇರ್ಲಿ."

ಯಾರೂ ಸರಿಯಲಿಲ್ಲ. ಸಾಹೇಬರು ತೆಗೆದ ಫೋಟೊವನ್ನು ಹುಳುಕಕ್ಕನ ಮುಂದೆ ಹಿಡಿದರು. "ಜನ ಜಾಸ್ತಿ ಆದ್ರಾ?"

"ಆದ್ರು ಸಾರ್. ಆದ್ರೆ ಕತ್ತರಿಸ್ಬೇಡಿ."

ಚಿಕ್ಕಮ್ಮ ಆಗಲೇ ಕಣ್ಣು ಮುಚ್ಚಿದ್ದಳು. ಈ ಸಲ ಬಾಯಿಗೆ ಸೆರಗು ಅಡ್ಡ ಹಿಡಿದಿದ್ದಳು. ಬೀಗ ಅವಳ ಊಟದ ಡಬ್ಬಿಯೊಳಗೆ ಸೇರಿತ್ತು.

"ಹೋಗೋವಾಗ ಬಾಗಿಲು ಮುಂದೆ ಮಾಡಿ ಸಾರ್," ಎಂದಳು. "ನಿಮ್ಮ ಬೆಳಕು ಕಣ್ಣಿಗೆ ಹೊಡೀತಿದೆ."