ಗುಂಡು ಹೋಗಿ ಬರುವಷ್ಟರಲ್ಲಿ

ಬಿಟ್ಟೆ, ಹೋಯ್ತು, ಕಬ್ಬಿಣದ ಗುಂಡಿನ ಮೇಲೆ ಚಾಕ್‌ನಿಂದ ಇಟ್ಟ ಬಿಳಿ ಚುಕ್ಕೆ ನನ್ನ ಗದ್ದ ಬಿಟ್ಟು ದೂರ ದೂರ, ಚಿಕ್ಕದಾಗ್ತಾ ಚಿಕ್ಕದಾಗ್ತಾ, ಸೂರಿನ ಕೊಕ್ಕೆಯಲ್ಲಿ ಗುಂಡು ತೂಗುಹಾಕಿದ ತಂತಿ ಒಂದು ಸಲ ಕಿರ್ ಅಂತು, ತಲೆ ಹಿಂದೆ ಬೋರ್ಡು ತಣ್ಣಗಿದೆ, ಒಳ್ಳೇದು, ಬೋರ್ಡು ತಣ್ಣಗೆ ತಾಗ್ತಿರೋವರೆಗೂ ಭಯವಿಲ್ಲ, ಆದರೆ ನಾನು ಬಿಟ್ಟೆನಾ ಇಲ್ಲಾ ತಳ್ಳಿದೆನಾ — ಕೊನೇ ಗಳಿಗೆಯಲ್ಲಿ ಎಡಗೈ ಹೆಬ್ಬೆರಳು ಜಿಗ್ ಅಂದ ಹಾಗಾಯ್ತಲ್ಲ, ದರಿದ್ರ ಬೆರಳು, ಇವತ್ತೊಂದು ದಿನ ಸುಮ್ಮನಿರಪ್ಪ ಅಂತ ಬೆಳಿಗ್ಗೆಯಿಂದ ಹಟ ಮಾಡೋ ಕೂಸನ್ನ ಓಲೈಸೋ ಹಾಗೆ ಓಲೈಸಿದ್ದೆ, ಕೇಳಿದರೆ ತಾನೇ. ತಳ್ಳಬಾರದು, ಬರೀ ಬಿಡಬೇಕು, ಅಷ್ಟೇ ಈ ಪಾಠ, ಹೊಸ ಬ್ಯಾಚು ಬಂದಾಗಲೆಲ್ಲ ಇದೇ ಭಾಷಣ, ಎಷ್ಟು ಎತ್ತರದಿಂದ ಬಿಟ್ಟಿರೋ ಅಷ್ಟೇ ಎತ್ತರಕ್ಕೆ ವಾಪಸ್ ಬರುತ್ತೆ, ಕೂದಲೆಳೆಯಷ್ಟೂ ಜಾಸ್ತಿ ಬರಲ್ಲ, ಶಕ್ತಿ ಎಲ್ಲಿಂದಲೂ ಉದುರಲ್ಲ, ಬೋರ್ಡಿಗೆ ತಲೆ ಒತ್ತಿ ನಿಂತ್ಕೊಂಡು ಗದ್ದದಿಂದ ಬಿಡಿ, ವಾಪಸ್ ಬಂದು ಗದ್ದದ ಹತ್ತಿರವೇ ನಿಲ್ಲುತ್ತೆ, ತಳ್ಳಬೇಡಿ, ಮುಂದಕ್ಕೆ ಬಾಗಬೇಡಿ, ನಂಬಿ ಅಂತ. ಅದಕ್ಕೇ ಹುಡುಗರು ನನಗೆ ಗುಂಡು ಮೇಷ್ಟ್ರು ಅಂತ ಹೆಸರಿಟ್ಟಿದ್ದು, ಒಣಕಲು ಕಡ್ಡಿ ಹಾಗಿದ್ದಾರೆ, ಗುಂಡು ಮೇಷ್ಟ್ರಂತೆ, ಅಂತ ಹಿಂದಿನ ಬೆಂಚಲ್ಲಿ ನಗೋದು ಕೇಳಿಸುತ್ತೆ, ನಗಲಿ ಬಿಡು, ನಗ್ತಾ ನಗ್ತಾನೇ ಕಲೀತಾರೆ. ಈಗ ನೋಡು, ಒಬ್ಬರೂ ನಗ್ತಿಲ್ಲ, ಮುಂದಿನ ಬೆಂಚಿನ ಹುಡುಗಿ ಬಾಯಿಗೆ ಕೈ ಹಿಡಿದಿದ್ದಾಳೆ, ಗುಂಡು ಅವಳ ತಲೆ ಮೇಲೆ ಬಂದುಬಿಡುತ್ತೇನೋ ಅನ್ನೋ ಹಾಗೆ, ಅಷ್ಟು ದೂರ ಬರಲ್ಲಮ್ಮ, ಬರೋದು ನನ್ನ ಕಡೆಗೆ. ಬಾಗಿಲಲ್ಲಿ ನನ್ನ ಹೆಂಡತಿ ನಿಂತಿದ್ದಾಳೆ, ಲ್ಯಾಬಿನ ಬೀಗದ ಕೈ ಮುಷ್ಟಿಯಲ್ಲಿ, ಬರಲ್ಲ ಅಂದಿದ್ದಳು, ಬಂದಿದ್ದಾಳೆ.

ಅವಳದು ವಿದ್ಯುತ್ತು, ಕಾಂತ, ನನ್ನದು ಚಲನೆ, ಒಂದೇ ವಿಭಾಗ, ಒಂದೇ ಮನೆ, ಕರೆಂಟ್ ಮೇಡಂ ಗುಂಡು ಮೇಷ್ಟ್ರನ್ನ ಹೇಗೆ ಒಪ್ಪಿದ್ರೋ ಅಂತ ಹುಡುಗರಿಗೆ ಇವತ್ತಿಗೂ ಬಗೆಹರಿಯದ ಸಮಸ್ಯೆ. ಹೋದ ವರ್ಷ ಅವಳಿಗೆ ಜ್ವರ ಬಂದು ಅವಳ ಲ್ಯಾಬು ನಾನು ತಗೊಂಡೆ, ತಂತಿ ಸುರುಳಿ ಹತ್ತಿರ ಆಯಸ್ಕಾಂತ ತಂದರೆ ಮೀಟರಿನ ಮುಳ್ಳು ಅಲ್ಲಾಡುತ್ತೆ, ಆಯಸ್ಕಾಂತ ನಿಂತರೆ ಮುಳ್ಳೂ ಸೊನ್ನೆಗೆ ಬಂದು ನಿಲ್ಲುತ್ತೆ, ಇಷ್ಟೇ ತೋರಿಸಬೇಕಾಗಿದ್ದು, ನೋಡಿ ಈಗ ಆಯಸ್ಕಾಂತ ನಿಲ್ಲಿಸ್ತೀನಿ, ನಿಲ್ಲಿಸಿದೆ, ಮುಳ್ಳು ನಿಲ್ಲಲಿಲ್ಲ, ಸೊನ್ನೆಯ ಆಚೆ ಈಚೆ ಪಟಪಟ ಅಂತ ನಡುಗ್ತಾನೇ ಇತ್ತು. ಸರ್ ಮೀಟರ್ ಕೆಟ್ಟಿದೆ ಅಂದರು ಹುಡುಗರು, ಹೌದ್ರೋ ಕೆಟ್ಟಿದೆ ಅಂದೆ, ಇಂಥ ಡಬ್ಬಾ ಸಾಮಾನು ತಂದು ಹಾಕ್ತಾರೆ ಅಂತ ಕಾಲೇಜಿಗೆ ಬೈದೆ, ಬೇರೆ ಮೀಟರ್ ತರಿಸಿದೆ, ಅದೂ ನಡುಗ್ತು, ಮೂರನೇದೂ, ಎಲ್ಲದಕ್ಕೂ ಕೆಟ್ಟಿದೆ ಅಂತ ಚೀಟಿ ಅಂಟಿಸಿ ಕಪಾಟಿಗೆ ತಳ್ಳಿ ಬಾಗಿಲು ಹಾಕಿದೆ, ಪ್ರಪಂಚದಲ್ಲಿ ಇನ್ಯಾವನು ಹೀಗೆ ಮಾಡ್ತಿದ್ದ, ಭೌತಶಾಸ್ತ್ರದ ಮೇಷ್ಟ್ರೇ ಬೇಕು ಇಂಥ ದಡ್ಡತನಕ್ಕೆ. ಜ್ವರ ಬಿಟ್ಟು ಬಂದವಳು ಒಂದೊಂದೇ ತೆಗೆದು ನೋಡಿದಳು, ಆಯಸ್ಕಾಂತವನ್ನ ಮೇಜಿನ ಮೇಲಿಟ್ಟಳು, ಮುಳ್ಳು ಸೊನ್ನೆಯಲ್ಲಿ ಕಲ್ಲಿನ ಹಾಗೆ ನಿಂತಿತು, ರೀ ಮೀಟರ್ ಸರಿ ಇದೆ ಅಂದಳು, ನನ್ನ ಕೈ ಕಡೆ ನೋಡಿದಳು, ನಾನು ಕೈಯನ್ನ ಪ್ಯಾಂಟಿನ ಜೇಬಿಗೆ ಹಾಕ್ಕೊಂಡೆ. ನರದ ಡಾಕ್ಟರು, ಚಿಕ್ಕ ವಯಸ್ಸಿನವರು, ಬೆರಳು ಬಿಡಿಸಿ, ಮಡಿಸಿ, ಇಲ್ಲಿಂದ ಬಾಗಿಲವರೆಗೆ ನಡೀರಿ ಅಂದರು, ಮನೇಲಿ ಯಾರಿಗಾದರೂ ಈ ನಡುಕದ ಕಾಯಿಲೆ ಇತ್ತಾ ಅಂದರು. ನಮ್ಮಮ್ಮನಿಗೆ ಇತ್ತು ಅಂದೆ. ಗಾಬರಿಯಾಗಬೇಡಿ ಸರ್, ಈಗ ಒಳ್ಳೊಳ್ಳೆ ಮಾತ್ರೆ ಇವೆ, ನಿಲ್ಲಿಸಕ್ಕಾಗಲ್ಲ ಆದರೆ ತುಂಬಾ ನಿಧಾನ ಮಾಡಬಹುದು ಅಂದರು, ನನಗೆ ಆ ಕ್ಷಣ ತಾಮ್ರದ ಕೊಳವೆ ನೆನಪಾಯ್ತು, ನನ್ನ ಹೆಂಡತಿ ತರಗತಿಯಲ್ಲಿ ಮಾಡಿ ತೋರಿಸೋದು, ಕೊಳವೆ ನೆಟ್ಟಗೆ ಹಿಡಿದು ಮೇಲಿಂದ ಆಯಸ್ಕಾಂತ ಹಾಕಿದರೆ ದಬಕ್ಕಂತ ಬೀಳಲ್ಲ, ಇಷ್ಟವಿಲ್ಲದವರ ಮನೆಗೆ ಹೊರಟವರ ಹಾಗೆ ಮೆಲ್ಲಗೆ ಇಳಿಯುತ್ತೆ, ಹುಡುಗರು ಓ ಅಂತಾರೆ, ಆದರೆ ಇಳಿಯುತ್ತೆ, ಕೆಳಗೆ ಕೈಯೊಡ್ಡಿ ಕಾಯ್ತಿದ್ದರೆ ಕೊನೆಗೆ ಕೈಗೆ ಬಂದೇ ಬೀಳುತ್ತೆ.

ಗುಂಡು ಆ ತುದಿ ಮುಟ್ಟಿತು, ನಿಂತಿತು, ವೇಗ ಸೊನ್ನೆ, ಚುಕ್ಕೆ ಅಲ್ಲಿ ಬಟಾಣಿಯಷ್ಟು, ಇದೊಂದು ಗಳಿಗೆ ನನಗೆ ಯಾವಾಗಲೂ ಇಷ್ಟ, ಹೋಗೋದೂ ಅಲ್ಲ ಬರೋದೂ ಅಲ್ಲ, ಅಲ್ಲೇ ಇದ್ದುಬಿಡೇ ಮಾರಾಯ್ತಿ. ಬೆಳಿಗ್ಗೆ ಅವಳು ಹೇಳಿದ್ದು ಸರಿಯಾಗೇ ಹೇಳಿದ್ದಳು, ಗುಂಡಿಗೆ ದಾರ ಕಟ್ಟಿ ಹಿಂದಕ್ಕೆಳೆದು ಬಿಗಿಯೋಣ, ನಾನು ಬೆಂಕಿಕಡ್ಡಿ ಗೀರಿ ದಾರ ಸುಡ್ತೀನಿ, ಯಾರ ಕೈಯೂ ತಾಗಲ್ಲ, ತಳ್ಳೋ ಪ್ರಶ್ನೇನೇ ಇಲ್ಲ, ನೀವು ಸುಮ್ಮನೆ ನಿಂತ್ಕೊಳ್ಳಿ, ಅದೂ ಬೇಡ ಅಂದ್ರೆ ಈ ವರ್ಷ ನಾನೇ ನಿಲ್ತೀನಿ. ನೀನು ನಿಲ್ತೀಯಾ, ಗುಂಡು ಮೇಷ್ಟ್ರು ನಾನಾ ನೀನಾ ಅಂದೆ, ತಮಾಷೆ ಮಾಡಿದೆ ಅಂದ್ಕೊಂಡೆ, ದನಿ ಒಡೆದುಹೋಯ್ತು. ಅವಳು ನನ್ನ ಅಂಗಿ ಗುಂಡಿ ಹಾಕ್ತಾ ಇದ್ದಳು, ಎರಡು ತಿಂಗಳಿಂದ ಅವಳೇ ಹಾಕೋದು, ಹಾಕ್ತಾ ಹಾಕ್ತಾ ಕೈ ನಿಲ್ಲಿಸಿ, ರೀ ನಡುಗೋ ಕೈಯಿಂದ ಪಾಠ ಮಾಡಿದರೆ ಪಾಠ ಸುಳ್ಳಾಗುತ್ತಾ ಅಂದಳು. ನನಗೆ ಭಯ ಕಣೇ, ಗುಂಡಿನದಲ್ಲ, ಒಂದು ಸಲ ಬೇರೆಯವರ ಕೈಗೆ ಕೊಟ್ಟರೆ ಮುಂದಿನ ವರ್ಷ ಚಾಕ್ ಕೊಡಬೇಕು, ಆಮೇಲೆ ಚಮಚ. ಅಮ್ಮ ಮೊದಲು ಸೂಜಿ ಕೊಟ್ಟಳು, ನೀನೇ ಪೋಣಿಸಿಕೊಡು ಮರೀ ಅಂತ, ಬಟ್ಟೆ ಹೊಲಿದು ನಮ್ಮನ್ನ ಓದಿಸಿದವಳು, ಆಮೇಲೆ ಲೋಟ ಕೊಟ್ಟಳು, ಆಮೇಲೆ ಬಾಚಣಿಗೆ, ಕೊನೆಗೆ ಕತ್ತನ್ನೂ ಬಿಟ್ಟುಕೊಟ್ಟಳು, ತಲೆ ಎದೆ ಮೇಲೆ ಬಾಗಿಹೋಯ್ತು, ಅದು ಬಾಗಿದ್ದೇ ಗೊತ್ತಾಗ್ತಿರಲಿಲ್ಲ ಅವಳಿಗೆ, ನೆಟ್ಟಗೇ ಕೂತಿದ್ದೀನಲ್ಲೋ ಅಂತಿದ್ದಳು ನೆಲ ನೋಡ್ತಾ, ಹಾಲಲ್ಲಿ ನೆನೆಸಿದ ಬ್ರೆಡ್ಡು ಹಿಡ್ಕೊಂಡು ನಾನು ಎರಡು ಬೆರಳಿಂದ ಗದ್ದ ಎತ್ತಬೇಕಿತ್ತು, ಅಮ್ಮಾ ತಲೆ ಎತ್ತು, ಎತ್ತಿದೀನಲ್ಲೋ, ಇಲ್ಲಮ್ಮಾ ಎತ್ತು, ಕೈ ತೆಗೆದ ತಕ್ಷಣ ಮತ್ತೆ ಕೆಳಗೆ. ಆಗ ನನಗೆ ಸಿಟ್ಟು ಬರ್ತಿತ್ತು, ಈಗ ಅಳು ಬರುತ್ತೆ.

ಬರ್ತಿದೆ, ಹೊರಟಿತು, ಬಟಾಣಿ ನೆಲ್ಲಿಕಾಯಷ್ಟಾಯ್ತು, ಲೆಕ್ಕ ಹಾಕು, ಬೇಗ, ಬೆರಳು ತಳ್ಳಿದ್ದು ಎಷ್ಟು, ಹೆಚ್ಚೆಂದರೆ ನೊಣ ಓಡಿಸುವಷ್ಟು, ತಳ್ಳಿದ ವೇಗ ಸಣ್ಣದು, ಸಣ್ಣದರ ವರ್ಗ ಇನ್ನೂ ಸಣ್ಣದು, ಆ ಜಾಸ್ತಿಯನ್ನೆಲ್ಲ ದಾರಿಯಲ್ಲಿ ಗಾಳಿ ತಿಂದುಹಾಕುತ್ತೆ, ತಿಂದು ಗದ್ದಕ್ಕೂ ಗುಂಡಿಗೂ ನಡುವೆ ಒಂದು ಉಗುರಿನಷ್ಟು ಜಾಗ ಮಿಗಿಸುತ್ತೆ ಕೂಡ, ಹಾಗಾದರೆ ಏನೂ ಆಗಲ್ಲ, ಅಬ್ಬಾ, ಏನೂ ಆಗಲ್ಲ ಕಣೇ, ನೋಡು, ನಡುಗೋ ಕೈಯಿಂದ ಬಿಟ್ಟರೂ ಅಷ್ಟೇ ಬರುತ್ತೆ, ನೀನು ಹೇಳಿದ್ದೇ ಸರಿ, ಪಾಠ ಸುಳ್ಳಾಗಲ್ಲ, ಇನ್ನೂ ಎರಡು ವರ್ಷ ಮಾಡಬಹುದು, ಮೂರೂ ಮಾಡಬಹುದು, ಸಂಜೆ ಇಬ್ಬರೂ ನಡ್ಕೊಂಡೇ ಮನೆಗೆ ಹೋಗೋಣ, ದಾರೀಲಿ ನಿನಗೆ ಈ ಲೆಕ್ಕ ಹೇಳ್ತೀನಿ, ನಗ್ತೀಯ. ಗುಂಡು ನಡುವೆ ಬಂತು, ಅತಿ ಕೆಳಗೆ, ಅತಿ ಜೋರು, ಗಾಳಿಯ ಸದ್ದು, ಹುಡುಗರು ಉಸಿರು ಬಿಗಿಹಿಡಿದಿದ್ದಾರೆ, ಇನ್ನು ಏರೋದು, ಏರ್ತಾ ಏರ್ತಾ ಸುಸ್ತಾಗಿ ಗದ್ದದ ಮುಂದೆ ನಿಲ್ಲೋದು, ನಾನು ಮಾಡಬೇಕಾದ್ದು ಒಂದೇ, ಬೋರ್ಡಿಗೆ ತಲೆ ಒತ್ತಿ — ಬೋರ್ಡು. ತಲೆ ಹಿಂದೆ ತಣ್ಣಗಿತ್ತಲ್ಲ, ತಣ್ಣಗಿಲ್ಲ. ಏನೂ ತಾಗ್ತಿಲ್ಲ. ಯಾವಾಗಿಂದ, ಈಗ ಗಾಳಿ ಇದೆ ಅಲ್ಲಿ, ಬೆವರು ಆರ್ತಿದೆ, ನಾನು ನೆಟ್ಟಗೇ ನಿಂತಿದ್ದೀನಲ್ಲ, ನೆಟ್ಟಗೇ ನಿಂತಿದ್ದರೆ ನನ್ನ ಬೂಟು ಯಾಕೆ ಕಾಣ್ತಿದೆ, ಬೂಟಿನ ಲಾಡಿ ಅವಳು ಕಟ್ಟಿದ್ದು. ಹಿಂದಕ್ಕೆ. ಕತ್ತು ಹಿಂದಕ್ಕೆ. ಒಂದು ಗೇಣು ಹಿಂದಕ್ಕೆ ಹೋದರೆ ಸಾಕು, ಹೋಗು ಅಂದೆ, ಹೋಗಲ್ಲ, ಪಕ್ಕಕ್ಕಾದರೂ ಸರಿ, ಕಾಲೇ, ಕಾಲು ನೆಲಕ್ಕೆ ಮೊಳೆ ಹೊಡೆದ ಹಾಗೆ, ಹಿಂದಿನ ಬೆಂಚಿನ ಯಾವನೋ ಸರ್ ಅಲ್ಲಾಡ್ತಾನೇ ಇಲ್ಲ ಕಣ್ರೋ, ಏನು ಧೈರ್ಯ ಅಂತಿದ್ದಾನೆ, ಚಪ್ಪಾಳೆ ಶುರುಮಾಡಿದರು, ಬೀಗದ ಕೈಗೊಂಚಲು ನೆಲಕ್ಕೆ ಬಿದ್ದ ಸದ್ದು, ರೀ, ರೀ ತಲೆ, ಓಡಿ ಬರ್ತಿದ್ದಾಳೆ ಮೇಜುಗಳ ಮಧ್ಯೆ, ಬರಬೇಡ, ನಿನಗೆ ತಗುಲುತ್ತೆ, ಎತ್ತಿದೀನಲ್ಲೇ, ಎತ್ತಿದೀನಲ್ಲ, ಬಿಳಿ ಚುಕ್ಕೆ ನಿಂಬೆಹಣ್ಣಷ್ಟು, ಚಾಕ್‌ನ ಗೆರೆ ಗೆರೆ ಕಾಣ್ತಿದೆ, ಅಮ್ಮಾ ತಲೆ ಎತ್ತು, ಬಿಳಿ ಚುಕ್ಕೆ, ಎತ್ತಮ್ಮಾ, ಬಿಳಿ ಚುಕ್ಕೆ