ದೊಡ್ಡ ಬಾಟಲಿಗೆ ನಿಲ್ಲಲು ಜಾಗ

ಬಕೀಟಿನಲ್ಲಿದ್ದ ಬಿಯರು ಹದಕ್ಕೆ ಬಂದಿತ್ತು. ಹದಕ್ಕೆ ಬಾರದಿದ್ದವನು ಅದನ್ನು ಮಾಡಿದ ಜಯಕರ. ಮಲೇಷ್ಯಾದ ಪೆಟಾಲಿಂಗ್ ಜಯಾದ ಸೆಕೆಯಲ್ಲಿ ಇನ್ನೊಂದು ವಾರ ಬಿಟ್ಟರೆ ಅದು ಹುಳಿಯಾಗುವುದು ಖಂಡಿತ. ಈ ಶನಿವಾರ ಮಧ್ಯಾಹ್ನವೇ ಬಾಟಲಿಗೆ ತುಂಬಿಸಿ ಮುಗಿಸಬೇಕು. ದೊಡ್ಡ ಬಾಟಲಿಗೋ ಸಣ್ಣ ಬಾಟಲಿಗೋ ಎಂಬುದೊಂದೇ ತೀರ್ಮಾನವಾಗಬೇಕಿತ್ತು, ಅದು ಮೂರು ದಿನದಿಂದ ಆಗುತ್ತಿರಲಿಲ್ಲ.

ಮೊದಲೆಲ್ಲ ಈ ಪ್ರಶ್ನೆಯೇ ಇರಲಿಲ್ಲ. ಬಿಯರು ಇಲ್ಲಿ ಹುಟ್ಟಿ, ಹತ್ತಿರದ ಮಾಂಟ್ ಕಿಯಾರಾದ ಗೆಳೆಯ ಕೀರ್ತಿರಾಜನ ಮನೆಯಲ್ಲಿ ಬೆಳೆಯುತ್ತಿತ್ತು. ಕೀರ್ತಿ ಒಂಟಿ ಜೀವ, ಮಂಗಳೂರಿನವನು. ಅವನ ಕಾಂಡೋ ಫ್ಲ್ಯಾಟಿನಲ್ಲಿ ಕಿಟಕಿಯಿಲ್ಲದ ತಣ್ಣಗಿನ ಸ್ಟೋರ್ ರೂಮ್ ಇತ್ತು. ದೊಡ್ಡ ಬಾಟಲಿಗಳು ಅಲ್ಲಿ ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳಂತೆ ಸಾಲಾಗಿ ನಿಂತಿರುತ್ತಿದ್ದವು. ಕೆಲವು ತಿಂಗಳ ಹಿಂದೆ ಕೀರ್ತಿಗೆ ನಾಲ್ಕು ಗಂಟೆ ದೂರದ ಪೆನಾಂಗಿನ ಚಿಪ್ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತು. ತಿಂಗಳಿಗೊಮ್ಮೆ ಬರುತ್ತೇನೆಂದು ಹೇಳಿ ಹೋದ. ಹೈವೇ ಚೆನ್ನಾಗಿಯೇ ಇದೆ. ಅವನು ಬಂದಿಲ್ಲ.

ಈಗ ಬಿಯರಿಗೆ ಉಳಿದಿದ್ದು ಅಡುಗೆಮನೆಯ ಹಿಂದೆ, ವಾಷಿಂಗ್ ಮಷೀನಿನ ಪಕ್ಕದ ಕಪಾಟಿನ ನಡುವಿನ ಖಾನೆ ಮಾತ್ರ. ಕೆಳಗೆ ಅಕ್ಕಿ, ಮೇಲೆ ದೊಡ್ಡ ಇಡ್ಲಿ ಪಾತ್ರೆ. ಈ ಗಡಿಗಳನ್ನು ಗುರುತು ಮಾಡಿದವಳು ಜಯಕರನ ಹೆಂಡತಿ, ಮೈಸೂರಿನ ವೇದಾ. ಸರ್ವೇ ಇಲಾಖೆಯವರಾದರೂ ಒಮ್ಮೊಮ್ಮೆ ಮಾತು ಕೇಳುತ್ತಾರೆ. ಖಾನೆಯಲ್ಲಿ ಸಣ್ಣ ಬಾಟಲಿ ನೆಟ್ಟಗೆ ನಿಲ್ಲುತ್ತದೆ, ದೊಡ್ಡದಕ್ಕೆ ಕತ್ತು ತಾಗುತ್ತದೆ. ಮಲಗಿಸೋಣವೆಂದರೆ, ಮನೆಯ ಬಿಯರಿನ ಮಡ್ಡಿ ತಳಕ್ಕಿಳಿಯದೆ ಪಕ್ಕೆಗೆ ಅಂಟಿ, ಆಮೇಲೆ ಗ್ಲಾಸಿನ ತುಂಬ ತೇಲುತ್ತದೆ.

ಕಾಲೇಜಿಗೆ ಹೋಗುವ ಮಗಳು ಅನನ್ಯ ಅಳತೆ ಟೇಪು ಹಿಡಿದು ಕೂತಿದ್ದ ಅಪ್ಪನನ್ನು ದಾಟಿಕೊಂಡು ಹೋಗುತ್ತ, "ಜಸ್ಟ್ ಯೂಸ್ ದ ಸ್ಮಾಲ್ ಒನ್ಸ್ ಲಾ, ಅಪ್ಪಾ," ಎಂದು ಇಲ್ಲಿಯವರ ಧಾಟಿಯಲ್ಲೇ ಹೇಳಿದಳು. ಅವಳ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ದೊಡ್ಡ ಬಾಟಲಿ ಎಂದರೆ ಇಬ್ಬರು ಎಂಬುದು ಅವಳ ಲೆಕ್ಕದಲ್ಲಿರಲಿಲ್ಲ.

ಅದು ಅವರಿಬ್ಬರೂ ಮೂಲೆಯ ಚೀನಿ ಕಾಫಿ ಅಂಗಡಿಯಲ್ಲಿ ಕಲಿತ ಪದ್ಧತಿ. ಮೇಜಿನ ನಡುವೆ ಒಂದೇ ದೊಡ್ಡ ಬಾಟಲಿ, ಎರಡು ಪುಟ್ಟ ಗ್ಲಾಸು. ತನ್ನ ಗ್ಲಾಸಿಗೆ ತಾನೇ ಸುರಿದುಕೊಳ್ಳುವಂತಿಲ್ಲ. ಎದುರಿನವನ ಗ್ಲಾಸು ತಗ್ಗಿದ್ದನ್ನು ನೋಡಿಕೊಂಡು ಸುರಿಯಬೇಕು. ಮಾತು ಆಫೀಸಿನ ಮೇಲಿರಲಿ, ಕುಂದಾಪುರದ ಮೀನಿನ ಮೇಲಿರಲಿ, ಕಣ್ಣು ಮಾತ್ರ ಇನ್ನೊಬ್ಬನ ಗ್ಲಾಸಿನ ಮೇಲೆ. ಕೀರ್ತಿ ಹೋದ ಮೇಲೆ ಜಯಕರ ಉಳಿದಿದ್ದ ಒಂದು ದೊಡ್ಡ ಬಾಟಲಿಯನ್ನು ಒಬ್ಬನೇ ತೆರೆದಿದ್ದ. ಗ್ಲಾಸು ಖಾಲಿಯಾದ ಮೇಲೂ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದ. ಅರ್ಧ ಬಾಟಲಿ ಸಿಂಕಿಗೆ ಹೋಯಿತು.

ಕೊನೆಗೆ ಜಯಕರ ಪೆನಾಂಗಿಗೆ ಫೋನು ಹಚ್ಚಿದ. ಖಾನೆಯ ಎತ್ತರ ಹೇಳಿದ, ಮಡ್ಡಿಯ ವಿಷಯ ಹೇಳಿದ, ಎರಡು ಅಳತೆಗೂ ಒಂದೇ ಮುಚ್ಚಳ ಹಿಡಿಯುತ್ತದೆ ಎಂದು ಕೀರ್ತಿಗೆ ಗೊತ್ತಿದ್ದದ್ದನ್ನೇ ಮತ್ತೆ ಹೇಳಿದ. ಆ ಕಡೆಯಿಂದ ಬೇಕಿದ್ದದ್ದು ಒಂದೇ ಮಾತು: ದೊಡ್ಡದಕ್ಕೇ ಹಾಕು, ನಾನು ಬರ್ತೇನೆ. ಆದರೆ ಕೀರ್ತಿ ಎಂಜಿನಿಯರು. ಕೇಳಿದ್ದಕ್ಕೆ ಉತ್ತರ ಕೊಟ್ಟ.

"ಸಣ್ಣದಕ್ಕೇ ಹಾಕು ಮಾರಾಯ. ಒಬ್ಬನಿಗೆ ಅದೇ ಸರಿ. ದೊಡ್ಡದು ತೆರೆದ್ರೆ ಅರ್ಧ ಚಪ್ಪೆಯಾಗಿ ಹೋಗ್ತದೆ."

"ಹೌದು, ಅದು ಉಂಟು," ಎಂದ ಜಯಕರ.

ಆಮೇಲೆ ಪೆನಾಂಗಿನ ಟ್ರಾಫಿಕ್ಕು, ಅಲ್ಲಿನ ತಮಿಳು ಮುಸ್ಲಿಮರ ಮಾಮಕ್ ಅಂಗಡಿಯ ರೊಟ್ಟಿ, ಹೊಸ ಬಾಸಿನ ಬೋಳುತಲೆ ಎಲ್ಲ ಬಂದುಹೋದವು. ಯಾವಾಗ ಬರುತ್ತೀ ಎಂದು ಇವನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಜಯಕರ ಸಣ್ಣ ಬಾಟಲಿಗಳನ್ನು ತೊಳೆದು, ಕುದಿನೀರು ಹೊಯ್ದು, ಒಂದೊಂದಕ್ಕೂ ಅಳತೆಯ ಸಕ್ಕರೆ ಹಾಕಿ, ಬಿಯರು ತುಂಬಿಸಿ, ಮುಚ್ಚಳ ಒತ್ತುತ್ತ ಹೋದ. ಖಾನೆ ಅಚ್ಚುಕಟ್ಟಾಗಿ ತುಂಬಿತು. ವೇದಾ ಬಟ್ಟೆ ಒಣಹಾಕಲು ಬಂದಾಗ ಅವನು ಬಾಗಿಲ ಬಳಿ ಒಂದು ದೊಡ್ಡ ಬಾಟಲಿ ಹಿಡಿದು ನಿಂತಿದ್ದ. ಅದು ತುಂಬಿತ್ತು, ಮುಚ್ಚಳವೂ ಬಿದ್ದಿತ್ತು.

"ಸಣ್ಣದು ಕಡಿಮೆ ಬಿತ್ತು," ಎಂದ.

ಪಾತ್ರೆ ಸ್ಟ್ಯಾಂಡಿನಲ್ಲಿ ಎರಡು ಸಣ್ಣ ಬಾಟಲಿಗಳು ತಲೆಕೆಳಗಾಗಿ ನೀರು ತೊಟ್ಟಿಕ್ಕುತ್ತಿದ್ದವು. ವೇದಾ ಅವುಗಳನ್ನು ನೋಡಿದಳು, ಗಂಡನನ್ನು ನೋಡಿದಳು. ಬಟ್ಟೆಯ ಬಕೀಟು ಕೆಳಗಿಟ್ಟು, ಕೈ ಎತ್ತಿ, ಮೇಲಿನ ಖಾನೆಯಿಂದ ಇಡ್ಲಿ ಪಾತ್ರೆಯನ್ನು ಇಳಿಸಿದಳು.

"ಇಲ್ಲಿ ನಿಲ್ಲತ್ತಾ ನೋಡಿ."

"ಇಡ್ಲಿ ಪಾತ್ರೆ ಎಲ್ಲಿಡ್ತಿ?"

"ಮಂಚದ ಕೆಳಗೆ. ನಮ್ಮ ಮೂರು ಜನಕ್ಕೆ ಕುಕ್ಕರೇ ಸಾಕು ರೀ. ಇದನ್ನ ಭಾನುವಾರ ಇಳಿಸ್ತಿದ್ದಿದ್ದು ಯಾರಿಗೋಸ್ಕರ ಅಂದ್ಕೊಂಡ್ರಿ?" ಅವಳು ಸೆರಗಿನಿಂದ ಪಾತ್ರೆಯ ಮೇಲಿನ ಧೂಳು ಒರೆಸಿದಳು. ಧೂಳು ಸಾಕಷ್ಟಿತ್ತು. "ಹನ್ನೆರಡು ಇಡ್ಲಿ ತಿಂದು, ಚಟ್ನಿಗೆ ಉಪ್ಪು ಕಡಿಮೆ ಅಂತಿದ್ದ."

ಬಾಟಲಿ ನಿಂತಿತು. ಕತ್ತಿನ ಮೇಲೆ ಒಂದು ಬೆರಳಿನಷ್ಟು ಜಾಗವೂ ಉಳಿಯಿತು.

ಸಂಜೆ ಜಯಕರ ಕಪಾಟಿನ ಫೋಟೋ ತೆಗೆದು ಪೆನಾಂಗಿಗೆ ಕಳಿಸಿದ. ನಡುವಿನ ಖಾನೆಯದು ಮಾತ್ರ, ಮೇಲಿನದು ಬೀಳದಂತೆ ನೋಡಿಕೊಂಡ. ಕೂಡಲೇ ಹೆಬ್ಬೆರಳಿನ ಚಿತ್ರ ಬಂತು, ಹಿಂದೆಯೇ ಒಂದು ಸಾಲು: ನೋಡಿದೆಯಾ, ಎಲ್ಲ ಸರಿಯಾಗಿ ಹಿಡಿಸಿತಲ್ಲ.

ಹಿಡಿಸಿತು ಎಂದು ಬರೆದು ಜಯಕರ ಫೋನು ಜೇಬಿಗಿಟ್ಟ. ಮೇಲಿನ ಖಾನೆಯ ದೊಡ್ಡ ಬಾಟಲಿಯೊಳಗೆ ಇನ್ನೂ ಎಲ್ಲ ಕಲಕಿಕೊಂಡಿತ್ತು. ಮಡ್ಡಿ ಇಳಿದು ತಿಳಿಯಾಗಲು ಎರಡು ವಾರ ಬೇಕು. ಅದಕ್ಕಿಂತ ಹೆಚ್ಚು ಇಟ್ಟರೂ ಕೆಡುವುದಿಲ್ಲ.