ಬೊಟ್ಟಿಟ್ಟ ಬಂಪರ್

ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ರಿವರ್ಸ್ ಹಾಕಿದ್ದೇ ತಡ, ಕಾರು ಒಂದೇ ಸಮನೆ ಕೂಗತೊಡಗಿತು. ಹಾಲೇಶ ಬ್ರೇಕ್ ಒತ್ತಿದರು. ಹಿಂದಿನದನ್ನು ತೋರಿಸಬೇಕಿದ್ದ ಪರದೆಯ ತುಂಬ ಕೆಂಪು ಮಬ್ಬು.

ಅವತ್ತು ಆಯುಧಪೂಜೆ. ಸೂರತ್ತಿನ ಅಡಾಜಣ್ ಬಡಾವಣೆಯ ಆ ಅಪಾರ್ಟ್‌ಮೆಂಟಿನಲ್ಲಿ ಉಳಿದವರೆಲ್ಲ ಮರುದಿನ, ದಸರೆಗೆ, ಗಾಡಿ ಪೂಜೆ ಮಾಡುತ್ತಿದ್ದರು. ಗಂಡನ ಬ್ಯಾಂಕಿನ ವರ್ಗದ ಮೇಲೆ ದಾವಣಗೆರೆಯಿಂದ ಇಲ್ಲಿಗೆ ಬಂದರೂ ಪ್ರೇಮಾ ಮಾತ್ರ ದಿನ ತಪ್ಪಿಸಿದವರಲ್ಲ. ಹೊಸ ಕಾರಿನ ಹಿಂದೆ ಮುಂದೆ ಚೆಂಡುಹೂವಿನ ಹಾರ ಕಟ್ಟಿದ್ದರು. ಬಂಪರ್‌ನಲ್ಲಿ ಸಾಲಾಗಿದ್ದ ದುಂಡನೆಯ ಸೆನ್ಸರ್‌ಗಳು ಬೊಟ್ಟಿಡಲೆಂದೇ ಮಾಡಿದಂತಿದ್ದವು. ಒಂದೊಂದಕ್ಕೂ ಗಂಧ, ಕುಂಕುಮ ಇಟ್ಟು, ಕ್ಯಾಮೆರಾದ ಕಣ್ಣಿಗೂ ಇಟ್ಟಿದ್ದರು.

"ಅದನ್ನ ಒರೆಸೇ," ಹಾಲೇಶ ಕಿಟಕಿಯಿಂದ ಹೇಳಿದರು.

"ಪೂಜೆ ಆದ ಕೂಡ್ಲೇ ಕುಂಕುಮ ಒರೆಸ್ತಾರೇನ್ರೀ? ಬಿಡ್ತು ಅನ್ರಿ!"

ಮುಂದಿನ ಸೀಟಿನಿಂದ ಮಗಳು ಕೃಪಾ ಕೈಚಾಚಿ ಪರದೆ ಒತ್ತಿದಳು. ಕೂಗು ನಿಂತಿತು. "ಬಂದ್ ಮಾಡ್ದೆ ಪಪ್ಪಾ. ಅಬ್ ಚಲೋ."

"ಆನ್ ಮಾಡು."

"ಹೂವು ಅಡ್ಡ ಇದೆ ಅಂತ ಚಿಲ್ಲಾತಾ ಇತ್ತು ಪಪ್ಪಾ, ಹಿಂದೆ ಯಾರೂ ಇಲ್ಲ."

"ಮೂವತ್ತು ವರ್ಷ ಗಾಡಿ ಹೊಡೆದೋರಿಗೆ ಈಗ ಪೀಪಿ ಊದ್ಬೇಕೇನು?" ಆರತಿ ತಟ್ಟೆ ಹಿಡಿದು ನಿಂತಿದ್ದ ಪ್ರೇಮಾ ನಕ್ಕರು. "ನಿಂಬೆಹಣ್ಣು ಇಟ್ಟೀನಿ, ಮೆಲ್ಲಕ ಹತ್ತಿಸ್ರಿ."

ಹಾಲೇಶ ಪರದೆಯತ್ತ ಚಾಚಿದ ಕೈಯನ್ನು ಸ್ಟೇರಿಂಗಿಗೆ ಮರಳಿಸಿದರು. ಆಮೇಲೆ ಬಲಗನ್ನಡಿ ನೋಡಿದರು, ಎಡಗನ್ನಡಿಯತ್ತಲೂ ಕತ್ತು ತಿರುಗಿಸಿದರು. ಕಾರು ಹಿಂದಕ್ಕೆ ಸರಿಯಿತು. ಚಕ್ರದಡಿ ನಿಂಬೆಹಣ್ಣು ಪಚಕ್ಕೆಂದಿತು.

ಕಾರಿನ ಹಿಂದೆ, ಎಡಗಡೆಯ ಕಂಬದ ಮುಂದೆ ಸರಿದು ನಿಂತಿದ್ದ ಪ್ರೇಮಾ ಅಲುಗಲಿಲ್ಲ. ಗಂಡ ತನ್ನ ಕಡೆಗೇ ನೋಡಿದ್ದನ್ನು ಕಂಡಿದ್ದರು. ಬಂಪರ್ ಮೊಣಕಾಲಿಗೆ ತಾಗಿ, ಬೆನ್ನು ಕಂಬಕ್ಕೆ ಒತ್ತಿದಾಗಲೇ ಚೀರಿದರು.

"ಪಪ್ಪಾ, ರುಕೋ!"

ತಟ್ಟೆ ನೆಲಕ್ಕೆ ಬಿತ್ತು. ಹಾಲೇಶ ಕಾರು ಮುಂದೆ ತಂದು ಇಳಿದು ಓಡಿ ಬಂದರು. "ಏನಾತು? ಪೆಟ್ಟಾತಾ?" ಬಗ್ಗಿ ಆಕೆಯ ಕಾಲು ಮುಟ್ಟಿ ನೋಡಿದರು. ಚರ್ಮ ತರಚಿತ್ತು, ಅಷ್ಟೇ.

ಪ್ರೇಮಾ ಗಂಡನ ಮುಖವನ್ನೇ ನೋಡಿದರು. "ನನ್ನ ನೋಡಿದ್ರಲ್ಲಾ."

ಹಾಲೇಶ ನೆಲಕ್ಕೆ ಬಿದ್ದ ತಟ್ಟೆ ಎತ್ತಿಕೊಂಡರು.

ಈಚೆಗೆ ಊಟಕ್ಕೆ ಕೂತಾಗ ಗಂಡ ಎಡಕ್ಕಿಟ್ಟ ಮಜ್ಜಿಗೆ ಲೋಟಕ್ಕೆ ಎರಡು ಸಲ ಕೈ ತಗುಲಿಸಿ ಚೆಲ್ಲಿದ್ದು, ಎಡಪಕ್ಕದಲ್ಲೇ ನಡೆಯುತ್ತಿದ್ದ ತನ್ನನ್ನು ಬಿಟ್ಟು ಮುಂದೆ ಹೋಗಿದ್ದು ಪ್ರೇಮಾಗೆ ನೆನಪಾಯಿತು. ಎರಡಕ್ಕೂ ಜಗಳವಾಡಿದ್ದರು.

"ಯಾವಾಗಿಂದ?"

"ಕಾರು ತಗೊಳ್ಳೋಕೂ ಮೊದ್ಲು," ಹಾಲೇಶ ನೆಲ ನೋಡುತ್ತ ಹೇಳಿದರು. "ಎಡಗಣ್ಣು ಪೂರ್ತಿ ಹೋದಂಗೇ ಐತೆ. ಡಾಕ್ಟ್ರು ಗಾಡಿ ಬಿಡು ಅಂದ್ರು. ಇದು ಕೂಗ್ತದಲ್ಲ, ನೋಡ್ಕೊಳ್ತದೆ ಅಂದ್ಕೊಂಡೆ."

ಅಷ್ಟೆಲ್ಲ ಸೆನ್ಸರ್ ಇರುವ ಮಾಡೆಲ್ಲೇ ಬೇಕೆಂದು ಗಂಡ ಹಟ ಹಿಡಿದಾಗ, "ವಯಸ್ಸಾದ ಮೇಲೆ ಶೋಕಿ" ಎಂದು ಪ್ರೇಮಾ ಮೂದಲಿಸಿದ್ದರು. ದಿನಾ ಬೆಳಿಗ್ಗೆ ತಾಪಿ ನದಿಯ ಸೇತುವೆ ದಾಟಿಸಿ ಮಗಳನ್ನು ಕಾಲೇಜಿಗೆ ಬಿಡುತ್ತಿದ್ದುದು ಇದೇ ಕಾರಿನಲ್ಲಿ.

ಪ್ರೇಮಾ ಕುಂಟುತ್ತ ಹೋಗಿ, ಸೆರಗಿನಿಂದ ಬಂಪರ್‌ನ ಒಂದೊಂದೇ ಬೊಟ್ಟನ್ನು ಒರೆಸಿದರು. ಆಮೇಲೆ ಗಂಡನ ಮುಂದೆ ಕೈಯೊಡ್ಡಿದರು. ಹಾಲೇಶ ತುಸು ತಡೆದು ಕೀ ಇಟ್ಟರು. ಅದು ಕೃಪಾಳ ಕೈಗೆ ಹೋಯಿತು. ಅವಳಿಗೆ ಲೈಸೆನ್ಸ್ ಬಂದು ತಿಂಗಳುಗಳಾಗಿದ್ದವು; ಅಪ್ಪ ಒಮ್ಮೆಯೂ ಓಡಿಸಲು ಬಿಟ್ಟಿರಲಿಲ್ಲ.

ಕಾರು ಇಳಿಜಾರು ಹತ್ತಿ ಬಿಸಿಲಿಗೆ ಬಂತು. ಗೇಟಿನಲ್ಲಿ ಒಂದು ಸ್ಕೂಟರ್ ಅಡ್ಡ ಬಂದಾಗ ಹಿಂದಿನ ಸೀಟಿನಲ್ಲಿದ್ದ ಹಾಲೇಶರ ಬಲಗಾಲು ಮ್ಯಾಟನ್ನು ಬಲವಾಗಿ ಒತ್ತಿತು. ಸ್ಕೂಟರ್ ದಾಟಿಹೋಯಿತು. ಕಾಲು ಒತ್ತಿಕೊಂಡೇ ಇತ್ತು.